ಬಂಡಿದಾರಿಯ ಗಂಗೆ

ಇಂಗ್ಲೆಂಡಿನ ಒಂದು ಜಿಲ್ಲೆಯ ಹಳ್ಳಕೊಳ್ಳಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ನನ್ನದೇ ಜಿಲ್ಲೆಯ ಒಂದು ಹಳ್ಳದ ದಂಡೆಯಲ್ಲಿ ನಿಂತು, ಇಲ್ಲಿ ಹಳ್ಳವೇ ಇಲ್ಲ ಎಂದು ಸಹಿ ಮಾಡಿದವಳೂ ನಾನೇ. ಇವೆರಡನ್ನೂ ಜೊತೆಗೇ ಹೇಳಬೇಕು. ಮೊದಲನೆಯದನ್ನಷ್ಟೇ ಹೇಳಿದರೆ ನಾನು ಇದ್ದದ್ದಕ್ಕಿಂತ ಜಾಣೆಯಾಗಿ ಕಾಣುತ್ತೇನೆ.

ನಾನು ಭೂಮಾಪಕಿ. ಮಂದಿ ಸರ್ವೆ ಮೇಡಂ ಎನ್ನುತ್ತಾರೆ. ಕುಷ್ಟಗಿ ತಾಲ್ಲೂಕಿನ ಎರೆ ಭೂಮಿಯ ಊರು ನನ್ನದು, ಕೂಲಿಯವರ ಮನೆ. ಕೆಲಸ ಸಿಗುವ ಮುಂಚೆ ಕೊಪ್ಪಳದ ಗ್ರಂಥಾಲಯದಲ್ಲಿ ಕೂತು ಪರೀಕ್ಷೆಗೆ ಓದುತ್ತಿದ್ದೆ. ಅಲ್ಲಿ ಗೈಡುಗಳ ನಡುವೆ ಹೇಗೋ ಸೇರಿಕೊಂಡಿದ್ದ ಒಂದು ಹಳೆಯ ಇಂಗ್ಲಿಷ್ ಪುಸ್ತಕ ಕೈಗೆ ಬಂತು. ಬೆನ್ನು ಕಿತ್ತುಹೋಗಿತ್ತು. ಇಂಗ್ಲೆಂಡಿನ ಯಾವುದೋ ಒಂದು ಜಿಲ್ಲೆಯ ಭೂಗೋಳ. ಪರೀಕ್ಷೆಗೆ ಅದರಿಂದ ಒಂದು ಅಂಕದ ಉಪಯೋಗವೂ ಇರಲಿಲ್ಲ. ಅದಕ್ಕೇ ಇರಬೇಕು, ಅದನ್ನೇ ಮತ್ತೆ ಮತ್ತೆ ಓದಿದೆ.

ಎಂಥ ಪುಸ್ತಕ ಅದು! ನಾವು ದಿಬ್ಬ ಎಂದು ಕೈಬಿಡುವಷ್ಟು ಎತ್ತರದ ಗುಡ್ಡಕ್ಕೂ ಅಲ್ಲಿ ಹೆಸರಿತ್ತು. ಒಂದು ಜಿಗಿತಕ್ಕೆ ದಾಟುವ ಹಳ್ಳಕ್ಕೂ ಹೆಸರು, ಅದು ಯಾರ ಹೊಲದ ಮೂಲೆಯಲ್ಲಿ ಹುಟ್ಟುತ್ತದೆ, ಯಾವ ಗಿರಣಿಯ ಹಿಂದೆ ಹಾಯುತ್ತದೆ ಎಂಬ ವಿವರ. ಸಾಲಿಯಲ್ಲಿ ಹಲಗೆಯ ಮೇಲೆ ಬರೆಯುವ ಸೀಮೆಸುಣ್ಣವಿದೆಯಲ್ಲ, ಆ ಜಿಲ್ಲೆಯ ಅರ್ಧ ಗುಡ್ಡಗಳು ಆ ಕಲ್ಲಿನವೇ ಅಂತೆ. ಮಳೆನೀರನ್ನೆಲ್ಲ ಗುಡ್ಡಗಳೇ ಕುಡಿದುಬಿಡುತ್ತವೆ. ಹಾಗಾಗಿ ಅಲ್ಲಿ ಕೆಲವು ಹಳ್ಳಗಳು ಬೇಸಿಗೆಯಲ್ಲಿ ಮಾಯವಾಗಿ, ಚಳಿಗಾಲಕ್ಕೆ ಮತ್ತೆ ಹರಿಯುತ್ತವೆ. ಒಣಗಿದಾಗ ಅವುಗಳೊಳಗೆ ಹುಲ್ಲು ಬೆಳೆದು ಕುರಿ ಮೇಯುತ್ತವೆ. ಆದರೂ ನಕ್ಷೆಯಲ್ಲಿ ಅವಕ್ಕೆ ನೀಲಿ ಗೆರೆ ಇದ್ದೇ ಇತ್ತು. ನೀರಿಲ್ಲದ ಹಳ್ಳಕ್ಕೂ ಅವರು ಅಷ್ಟು ಮರ್ಯಾದೆ ಕೊಟ್ಟದ್ದನ್ನು ಕಂಡು ನನಗೆ ಹೊಟ್ಟೆಕಿಚ್ಚೇ ಆಗಿತ್ತು.

ಕೆಲಸ ಸಿಕ್ಕಮೇಲೆ ಈ ಪುಸ್ತಕದ ಕಥೆಯನ್ನೆಲ್ಲ ನಾನು ಹೇಳುತ್ತಿದ್ದದ್ದು ನಮ್ಮ ಬಾಂದು ಜವಾನ ಕಾಕಾನಿಗೆ. ಅಳತೆಗೆ ಹೋದಾಗ ಸರಪಳಿ ಹಿಡಿಯುವುದು, ಜಾಲಿ ಸವರಿ ದಾರಿ ಮಾಡುವುದು, ಮಣ್ಣಲ್ಲಿ ಹೂತ ಗಡಿಕಲ್ಲು ಹುಡುಕುವುದು ಬಾಂದು ಜವಾನನ ಕೆಲಸ. ಸಣ್ಣವರಿದ್ದಾಗ ಕುರಿ ಹಿಂದೆ ತಿರುಗಿದವರು ಅವರು. ಕುಷ್ಟಗಿಯಿಂದ ಕುರಿ ಹೊಡೆದುಕೊಂಡು, ಯಲಬುರ್ಗಾ ಹಾದು, ಭತ್ತದ ಕೊಯ್ಲಾದ ಮೇಲೆ ಗಂಗಾವತಿಯ ಗದ್ದೆಗಳಲ್ಲಿ ಕುರಿ ನಿಲ್ಲಿಸಿ ಮತ್ತೆ ಮರಳುತ್ತಿದ್ದರಂತೆ. ಜಿಲ್ಲೆಯ ಹಳೆಯ ನಾಲ್ಕೂ ತಾಲ್ಲೂಕುಗಳನ್ನು ಕಾಲಲ್ಲಿ ಕಲಿತ ಮನುಷ್ಯ.

ನನ್ನ ಸ್ಕೂಟಿಯ ಹಿಂದೆ, ಸರಪಳಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ ಕೂರುತ್ತಿದ್ದರು. ನಿದ್ದೆ ಎಂದುಕೊಂಡರೆ ತಪ್ಪು. ಗಾಲಿಯ ಸಪ್ಪಳ ಬದಲಾದ ಕೂಡಲೇ, "ಮಸಾರಿ ಬಂತ್ರಿ" ಎನ್ನುತ್ತಿದ್ದರು. ನಾನು ಕೆಳಗೆ ನೋಡಿದರೆ ಕೆಂಪು ಮಣ್ಣು. ಇನ್ನೊಂದಷ್ಟು ದೂರ ಹೋದಮೇಲೆ, "ಎರಿ ಹತ್ತಿತು, ಸಾವಕಾಶ ಹೋಗ್ರಿ, ಮುಂದ ತೆಗ್ಗು ಅದಾವ." ಕಪ್ಪು ಮಣ್ಣು, ತೆಗ್ಗು, ಎರಡೂ ಇರುತ್ತಿದ್ದವು. ಗಂಗಾವತಿ ಕಡೆಗೆ ಹೋದಾಗ ಮೂಗಿನಿಂದಲೇ ಕಾಲುವೆ ಹಿಡಿಯುತ್ತಿದ್ದರು. ಆ ಗುಂಡುಕಲ್ಲಿನ ಗುಡ್ಡಗಳ ನಡುವೆ ಒಮ್ಮೆಲೇ ಹಸಿರು ತೆರೆದುಕೊಳ್ಳುತ್ತದಲ್ಲ, ಅದನ್ನು ಅವರು ನನಗಿಂತ ಒಂದು ನಿಮಿಷ ಮೊದಲೇ ಹೇಳಿಬಿಡುತ್ತಿದ್ದರು. ಇಷ್ಟು ಚಂದದ ಮಾಪನ ಯಂತ್ರ ಇಲಾಖೆಯಲ್ಲಿ ಇನ್ನೊಂದಿರಲಿಲ್ಲ.

ಇಂಗ್ಲೆಂಡಿನ ಹಳ್ಳದ ಕಥೆ ಕೇಳಿ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಆ ಬುಕ್ಕು ಬರದಾಂವ ಅಲ್ಲಿ ಮಂದಿನ್ನ ಕೇಳಿ ಬರದಾನೋ, ಬರೇ ಅಳದು ಬರದಾನೋ?"

"ಯಾರಿಗ್ಗೊತ್ತು ಕಾಕಾ. ಪುಸ್ತಕದಾಗ ಐತಿ ಅಂದ್ರ ಖರೇನ ಇರತೈತಿ."

"ಹಂಗಂತೀರೇನು," ಎಂದು ಸರಪಳಿಯ ಚೀಲವನ್ನು ಹೆಗಲಿಗೇರಿಸಿದರು. ಆ ಪ್ರಶ್ನೆಯ ಬೆಲೆ ನನಗೆ ಆಗ ಗೊತ್ತಾಗಲಿಲ್ಲ.

ಒಂದು ಡಿಸೆಂಬರಿನಲ್ಲಿ ಯಲಬುರ್ಗಾ ಕಡೆಯ ಒಂದು ಸಣ್ಣ ಊರಿಗೆ ನಮ್ಮನ್ನು ಕಳಿಸಿದರು. ಅಂಗನವಾಡಿ ಕಟ್ಟಡಕ್ಕೆ ಮಂಜೂರಾತಿ ಬಂದಿತ್ತು, ಜಾಗ ಅಳೆದು ಕಲ್ಲು ನೆಡಬೇಕಿತ್ತು. ಆ ಊರಿನ ಅಂಗನವಾಡಿ ಟೀಚರು ಬಸ್ ನಿಲ್ಲುವಲ್ಲಿಗೇ ಬಂದು ಕಾಯುತ್ತಿದ್ದಳು. ನನ್ನದೇ ವಯಸ್ಸಿನ ಹೆಣ್ಣುಮಗಳು, ನನ್ನ ಹಾಗೆ ಕೂಲಿಯವರ ಮನೆಯವಳು. ಆರು ವರ್ಷದಿಂದ ಇಪ್ಪತ್ತೆರಡು ಮಕ್ಕಳನ್ನು ಗುಡಿಯ ಕಟ್ಟೆಯ ಮೇಲೆ ಕೂರಿಸಿಕೊಂಡು ನಡೆಸುತ್ತಿದ್ದಳು. ಅಮಾವಾಸ್ಯೆ ಬಂದರೆ ಪೂಜೆಯವರು ಎಬ್ಬಿಸುತ್ತಾರೆ, ಮಳೆ ಬಂದರೆ ಮಕ್ಕಳನ್ನು ಗುಡಿಯ ಒಳಗೆ ಒತ್ತಿಕೊಂಡು ನಿಲ್ಲಬೇಕು. ಕಚೇರಿಯಿಂದ ಕಚೇರಿಗೆ ಅಲೆದು ಆ ಕಟ್ಟಡ ತಂದವಳು ಅವಳೇ.

"ಮೇಡಮ್ಮಾರ, ಮಾರ್ಚ್ ಮುಗಿಯೂದ್ರೊಳಗ ಬುನಾದಿ ಬೀಳಲಿಲ್ಲಂದ್ರ ಮಂಜೂರಾತಿ ವಾಪಸ್ ಹೋಗತೈತಂತ್ರಿ. ನಿಮ್ಮ ಕೈಯಾಗ ಐತಿ ನೋಡ್ರಿ," ಎಂದಳು.

ಜಾಗ ನೋಡಿದೆ. ಸಮತಟ್ಟಾದ ಸರ್ಕಾರಿ ಜಾಗ, ಊರಿಗೆ ಹತ್ತಿರ, ಪಕ್ಕದಲ್ಲೇ ಹುಣಸೆ ಮರ. ಮರದ ಬುಡ ಹಾದು ಒಂದು ಬಂಡಿದಾರಿ. ನಿಜಾಮರ ಕಾಲದ ಹಳೆಯ ನಕ್ಷೆಯಲ್ಲೂ ಅದು ಬಂಡಿದಾರಿಯೇ. ಎರಡೂ ಕಡೆ ಚಕ್ಕಡಿ ಗಾಲಿಯ ಗುರುತು ಸ್ವಚ್ಛವಾಗಿ ಕಾಣುತ್ತಿತ್ತು. ಎಲ್ಲ ತಾಳೆಯಾಯಿತು.

ಕಾಕಾ ಮಾತ್ರ ಸರಪಳಿ ಬಿಚ್ಚಲಿಲ್ಲ. ದಾರಿಯಲ್ಲಿ ಕೂತು, ನುಣ್ಣನೆಯ ಒಂದು ಕಲ್ಲನ್ನು ಎತ್ತಿ ಅಂಗೈಯಲ್ಲಿ ಹೊರಳಿಸಿದರು.

"ಇದು ಹಳ್ಳ ಐತ್ರಿ, ಮೇಡಮ್ಮಾರ."

ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲಿರುತ್ತದೆ. ಬಿಸಿಲು ಬೇರೆ ಏರಿತ್ತು, ಆ ದಿನ ಇನ್ನೂ ಎರಡು ಊರಿಗೆ ಹೋಗಬೇಕಿತ್ತು. "ಹಳ್ಳ ಎಲ್ಲೈತಿ ಕಾಕಾ? ದಂಡಿ ಇಲ್ಲ, ತೆಗ್ಗಿಲ್ಲ. ಬಂಡಿ ಹೋದ ಗುರುತು ಕಾಣವಲ್ದೇನು? ನಕ್ಷಾದಾಗ ಇದ್ದದ್ದು ಇದ್ದಂಗ. ಸರಪಳಿ ಹಿಡೀರಿ," ಎಂದೆ.

ಅವರು ಸರಪಳಿ ಹಿಡಿದರು, ಕಲ್ಲು ನೆಟ್ಟರು. ನಾನು ನಕ್ಷೆ ಬರೆದು, ನೀರಿನ ಹರಿವು ಇಲ್ಲ ಎಂಬ ಸಾಲಿನ ಮುಂದೆ ಸಹಿ ಹಾಕಿದೆ. ಟೀಚರು ಖುಷಿಯಲ್ಲಿ ನಮಗೆ ಖಡಕ್ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಕಾಕಾ ಅರ್ಧ ರೊಟ್ಟಿಗೇ ಎದ್ದರು. ಹೊಟ್ಟೆ ಸರಿಯಿಲ್ಲ ಎಂದರು, ನಾನೂ ನಂಬಿದೆ.

ನನ್ನ ತಪ್ಪಿನ ಬೇರು ಎಲ್ಲಿತ್ತು ಎಂಬುದು ಈಗ ಗೊತ್ತಿದೆ. ನಾನು ಎರೆ ಸೀಮೆಯವಳು. ನಮ್ಮ ಕಪ್ಪು ಮಣ್ಣಿನಲ್ಲಿ ಹಳ್ಳವೆಂದರೆ ಆಳಕ್ಕೆ ಸೀಳಿದ ಕೊರಕಲು, ಕುರುಡನಿಗೂ ಗೊತ್ತಾಗುತ್ತದೆ. ಈ ಮಸಾರಿಯ ಕಲ್ಲುಮೊರಡಿಯಲ್ಲಿ ನೀರು ಹಾಗೆ ಕೊರೆಯುವುದಿಲ್ಲ, ಹಾಸಿಕೊಂಡು ಹರಿಯುತ್ತದೆ, ಹರಿದು ಹೋದಮೇಲೆ ನುಣ್ಣನೆ ಉಸುಕು ಬಿಡುತ್ತದೆ. ಆ ಉಸುಕಿನ ಮೇಲೆ ಎತ್ತಿಗೆ ನಡೆಯುವುದು ಹಿತ. ಹಾಗಾಗಿ ಎಷ್ಟೋ ವರ್ಷಕ್ಕೊಮ್ಮೆ ಒಂದೆರಡು ದಿನ ಅದು ಹಳ್ಳ, ಉಳಿದ ಕಾಲವೆಲ್ಲ ದಾರಿ. ಹಿಂದೆ ನಕ್ಷೆ ಬರೆದವನು ಬೇಸಿಗೆಯಲ್ಲಿ ಬಂದು, ಇದೇನು ಎಂದು ಕೇಳಿರಬೇಕು. ಊರವರು, ಬಂಡಿದಾರಿ ರಿ ಎಂದಿರಬೇಕು. ಇಬ್ಬರೂ ಸುಳ್ಳು ಹೇಳಲಿಲ್ಲ.

ಫೆಬ್ರವರಿ ಕೊನೆಗೆ ಬುನಾದಿಗೆ ಸುಣ್ಣದ ಗೆರೆ ಹಾಕುವ ದಿನ ಬಂತು. ಗಡಿಕಲ್ಲು ತೋರಿಸಿಕೊಡಲು ನಾವು ಮತ್ತೆ ಹೋದೆವು. ಎಂಜಿನಿಯರ್ ಇನ್ನೂ ಬಂದಿರಲಿಲ್ಲ. ಟೀಚರು ಹೊಸ ಸೀರೆ ಉಟ್ಟು, ತೆಂಗಿನಕಾಯಿ, ಊದಿನಕಡ್ಡಿ ಹಿಡಿದು ನಿಂತಿದ್ದಳು. ಕಾಕಾ ಹುಣಸೆ ಮರದ ಬುಡದಲ್ಲಿ ಏನನ್ನೋ ನೋಡುತ್ತ ನಿಂತವರು ಅವಳನ್ನು ಕರೆದರು. ಅಲ್ಲಿ ಐದು ಸಣ್ಣ ಹರಳುಗಳಿದ್ದವು, ಅರಿಶಿನ ಹಚ್ಚಿದವು. ಕುಂಕುಮ ಇನ್ನೂ ಮಾಸಿರಲಿಲ್ಲ.

"ಯವ್ವಾ, ಒಂದು ಮಾತು ಕೇಳತೀನಿ. ಹಡದ ಹೆಣ್ಮಕ್ಕಳು ನಿಮ್ಮೂರಾಗ ಗಂಗಿ ಪೂಜಿ ಎಲ್ಲಿ ಮಾಡ್ತೀರಿ?"

ಹೆತ್ತ ಹೆಂಗಸು ದಿನ ತುಂಬಿದ ಮೇಲೆ ಮೊದಲ ಸಲ ನೀರಿಗೆ ಹೋಗಿ, ನೀರ ದಂಡೆಯಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ಕೊಡ ತುಂಬಿ ತರುವುದು ನಮ್ಮ ಕಡೆಯ ಪದ್ಧತಿ. ಬಾವಿ, ಕೆರೆ, ಹೊಳೆ, ಈಗೀಗ ನಳವಾದರೂ ಸರಿ, ನೀರಿರಬೇಕು.

"ಇಲ್ಲೇ ರಿ, ಇದ ಹುಣಸಿ ಗಿಡದ ಬುಡಕ. ನಮ್ಮತ್ತಿನೂ ಇಲ್ಲೇ ಮಾಡ್ಯಾಳ, ಅವರತ್ತಿನೂ ಇಲ್ಲೇ. ನನ್ನ ಎರಡೂ ಬಾಣಂತನದಾಗ ನಾನೂ..." ಎಂದವಳು ಅಲ್ಲಿಗೇ ನಿಂತಳು.

"ಊರಾಗ ಬಾವಿ ಇಲ್ಲೇನು?"

"ಐತ್ರಿ."

"ಮತ್ತ ಬಾವಿ ಬಿಟ್ಟು, ಬಂಡಿದಾರಿಗೆ ಯಾರರ ಗಂಗಿ ಪೂಜಿ ಮಾಡ್ತಾರೇನವ್ವಾ?"

ಕಾಕಾ ಇದನ್ನು ಚುಚ್ಚಿ ಕೇಳಲಿಲ್ಲ, ಮಗಳನ್ನು ಕೇಳುವಷ್ಟು ಮೆತ್ತಗೆ ಕೇಳಿದರು. ಟೀಚರು ಕೈಯಲ್ಲಿದ್ದ ತೆಂಗಿನಕಾಯಿಯನ್ನು ಕೆಳಗಿಟ್ಟಳು. ಹೊಸ ಸೀರೆಯ ಸೆರಗನ್ನು ಸಿಕ್ಕಿಸಿ, ಬಂಡಿದಾರಿಯ ನಡುವೆ ಕೂತು ಎರಡೂ ಕೈಯಿಂದ ಉಸುಕು ತೋಡತೊಡಗಿದಳು. ಪೂಜೆಯ ದಿನ ಹೀಗೆಯೇ ತೋಡುತ್ತಾರಂತೆ, ಹಸಿ ಹತ್ತುವ ತನಕ. ಗೇಣು, ಎರಡು ಗೇಣು. ಮೊಳಕೈ ಮುಳುಗುವಷ್ಟು ತೋಡಿದಾಗ ಉಸುಕು ಕಪ್ಪಾಯಿತು. ಅವಳು ಒಂದು ಹಿಡಿ ಎತ್ತಿ ಹಿಂಡಿ ತೋರಿಸಿದಳು. ಬೆರಳ ಸಂದಿಯಿಂದ ನೀರು ಇಳಿಯಿತು. ಅದೂ ಫೆಬ್ರವರಿ ತಿಂಗಳಲ್ಲಿ.

ನನಗೆ ನೆಲವೇ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ನೀವ ಹೇಳಿದ್ರಲ್ರಿ ಮೇಡಮ್ಮಾರ, ಆ ಇಂಗ್ಲೆಂಡಿನ ಹಳ್ಳದ ಕಥಿ," ಎಂದರು ಕಾಕಾ. "ಒಣಗಿದ್ರೂ ನೀಲಿ ಗೆರಿ ಹಾಕ್ತಾರಂತ. ಇದೂ ಹಂಗ ಐತಿ. ಮ್ಯಾಲಿನ ಗುಡ್ಡದಾಗ ದೊಡ್ಡ ಮಳಿ ಆದ್ರ ಅಷ್ಟ ಬರತೈತಿ. ಬಂತಂದ್ರ ನಿಲ್ಲಂಗಿಲ್ಲ."

"ಅವತ್ತ ಯಾಕ ಜಗಳಾಡಲಿಲ್ಲ ಕಾಕಾ ನನ್ನ ಜೋಡಿ?"

"ನೀವು ಪುಸ್ತಕದಾಗಿದ್ದದ್ದು ಖರೇ ಅನ್ನೋರು. ನನ್ನ ಕಡೆ ಪುಸ್ತಕ ಎಲ್ಲೈತ್ರಿ," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸಲೀಸಾಗುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದು ಪೂರ್ತಿ ಅಂಕ ತಗೊಂಡವಳು ನಾನು.

ಆಮೇಲೆ ಟೀಚರಿನ ಸರದಿ. ಅವಳು ಒದ್ದೆ ಕೈಯನ್ನು ಹಾಗೇ ಹಿಡಿದುಕೊಂಡು ನನ್ನ ಮುಂದೆ ನಿಂತಳು. ಕಣ್ಣು ತುಂಬಿತ್ತು, ಅಳಲಿಲ್ಲ.

"ಹಳ್ಳಾನ ಐತಿ, ಒಪ್ಪಿದೆ. ಮಕ್ಕಳನ್ನ ಹಳ್ಳದಾಗ ಕುಂದ್ರಸು ಅಂತ ನಾ ಅನ್ನಂಗಿಲ್ಲ. ಆದ್ರ ಮೇಡಮ್ಮಾರ, ಡಿಸೆಂಬರದಾಗ ಹೇಳಿದ್ರ ಮೂರು ತಿಂಗಳಿತ್ತು. ಈಗ ಮೂವತ್ತು ದಿನ ಐತಿ. ನಾ ಎಲ್ಲಿಂದ ತರ್ಲಿ ಜಾಗಾ?"

ಉತ್ತರ ಇದ್ದದ್ದು ಕಾಕಾನ ಬಳಿ. ಊರ ಇನ್ನೊಂದು ತುದಿಗೆ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ ತಿಪ್ಪೆಗಳನ್ನು ತೋರಿಸಿದರು. ಸಾಲಿಯ ಹಿಂದೆ, ಉಬ್ಬಿದ ಸರ್ಕಾರಿ ಜಾಗದಲ್ಲಿ ಒಂಬತ್ತು ಮನೆಯವರ ತಿಪ್ಪೆ.

"ತಿಪ್ಪಿ ಹಾಕೋ ಮಂದಿ ದಡ್ಡರಲ್ರಿ. ಗೊಬ್ಬರ ಹರಕೊಂಡು ಹೋಗಬಾರದು ಅಂತ ಎತ್ತರದ ಜಾಗಾ ಹುಡುಕ್ಯಾರ. ಆಕಡೆ ಹುತ್ತ ನೋಡ್ರಿ. ಗೆದ್ದಲಿನೂ ಇಲ್ಲೇ ಮನಿ ಕಟ್ಯಾವು. ಇದಕ್ಕಿಂತ ಛಲೋ ಜಾಗಾ ಈ ಊರಾಗಿಲ್ಲ," ಎಂದರು.

ಜಾಗ ಛಲೋ ಇತ್ತು, ಹೌದು. ಆದರೆ ನಮ್ಮ ಹಳ್ಳಿಗಳಲ್ಲಿ ತಿಪ್ಪೆ ಸರಿಸು ಎಂದರೆ ಮನೆ ಖಾಲಿ ಮಾಡು ಎಂದ ಹಾಗೆ. ಅಜ್ಜನ ಕಾಲದ ತಿಪ್ಪೆ, ದೀಪಾವಳಿಗೆ ಪೂಜೆ ಮಾಡುವ ತಿಪ್ಪೆ. ಅಣ್ಣತಮ್ಮಂದಿರು ಮನೆ ಹಂಚಿಕೊಂಡರೂ ತಿಪ್ಪೆಗಾಗಿ ಪಂಚಾಯಿತಿ ಸೇರಿಸುತ್ತಾರೆ.

ನಾನು ಕಚೇರಿಗೆ ಬಂದು ನನ್ನ ನಕ್ಷೆ ತಪ್ಪಾಗಿದೆ, ವಾಪಸ್ ಕೊಡಿ ಎಂದು ಬರೆದುಕೊಟ್ಟೆ. ಮೇಲಧಿಕಾರಿ ಓದಿ, ತಲೆಯೆತ್ತಿ ನೋಡಿದರು.

"ಸಹಿ ಮಾಡಿದ ನಕ್ಷೆ ವಾಪಸ್ ಕೇಳಿದವರನ್ನ ನಾನು ಇದೇ ಮೊದಲ ಸಲ ನೋಡ್ತಿರೋದು. ನೋಟಿಸು ಬರುತ್ತೆ, ಗೊತ್ತಲ್ಲ? ಸಾಕ್ಷಿ ಏನಿದೆ?"

"ಐದು ಹರಳು ಅದಾವ್ರಿ ಸರ್, ಅರಿಶಿಣ ಹಚ್ಚಿದ್ದು," ಎಂದೆ.

ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. ನೋಟಿಸು ಮಾತ್ರ ಬಂತು. ಅದಕ್ಕೆ ಉತ್ತರವಾಗಿ, ಬಾಂದು ಜವಾನರು ಸ್ಥಳದಲ್ಲೇ ಎಚ್ಚರಿಸಿದ್ದರು, ನಾನು ಕೇಳಲಿಲ್ಲ ಎಂದು ಬರೆದೆ. ಇಷ್ಟು ವರ್ಷ ನಾನು ಬರೆದ ಕಾಗದಗಳಲ್ಲಿ ನನಗೆ ಹಿಡಿಸಿದ್ದು ಅದೊಂದೇ.

ಆ ಮೂವತ್ತು ದಿನ ಟೀಚರು ಮಾಡಿದ್ದನ್ನು ನೆನೆದರೆ ಈಗಲೂ ಕೈಮುಗಿಯಬೇಕೆನಿಸುತ್ತದೆ. ಒಂಬತ್ತು ತಿಪ್ಪೆಗಳಲ್ಲಿ ಒಂದು ಅವಳ ಮನೆಯದೇ. ಮೊದಲು ಅದನ್ನು ಬುಟ್ಟಿ ಬುಟ್ಟಿ ಹೊತ್ತು ಖಾಲಿ ಮಾಡಿದಳು. ಅತ್ತೆ ನಾಲ್ಕು ದಿನ ಮಾತು ಬಿಟ್ಟಳಂತೆ. ಆಮೇಲೆ ಉಳಿದ ಎಂಟು ಮನೆಗೆ ಹೋದಳು. ಯಾರ ಮನೆಯ ಮಗು ಅವಳ ಬಳಿ ಮೊದಲ ಅಕ್ಷರ ಕಲಿತಿತ್ತೋ ಆ ಮಗುವನ್ನೇ ಕಂಕುಳಲ್ಲಿ ಎತ್ತಿಕೊಂಡು ಹೋಗಿ ಬಾಗಿಲಲ್ಲಿ ನಿಂತಳು. ಕೆಲವರು ಬೈದರು. "ಆರು ವರ್ಷ ಗುಡಿಯಾಗ ನಡೀತಲ್ಲ, ಈಗೇನು ಅರಮನಿ ಬೇಕಾತೇನು?" ಎಂದವರೂ ಇದ್ದರು. ಅವಳು ಬೈಸಿಕೊಂಡು, ಅವರ ಮನೆಯಲ್ಲೇ ಚಹಾ ಕುಡಿದು, ಮರುದಿನ ಮತ್ತೆ ಹೋದಳು. ಗಟ್ಟಿಗಿತ್ತಿ. ಮಾರ್ಚ್ ಕೊನೆಯ ವಾರ ಒಂಬತ್ತನೆಯ ತಿಪ್ಪೆ ಎದ್ದಿತು, ಎರಡು ದಿನ ಬಿಟ್ಟು ಬುನಾದಿ ಬಿತ್ತು.

ಆ ವರ್ಷ ಮಳೆ ಸಣ್ಣದು. ಬಂಡಿದಾರಿ ಬಂಡಿದಾರಿಯಾಗಿಯೇ ಉಳಿಯಿತು. ಉದ್ಘಾಟನೆಗೆ ಹೋದಾಗ ಊರ ಗಂಡಸರು ನನ್ನನ್ನು ನೋಡಿ ಕಿಸಕ್ಕೆಂದರು. "ಎಲ್ಲೈತ್ರಿ ಮೇಡಮ್ಮಾರ ನಿಮ್ಮ ಹಳ್ಳ? ಎತ್ತು ಈಸಾಕ ಹತ್ಯಾವು ನೋಡ್ರಿ." ನಾನೂ ನಕ್ಕೆ. ಆದರೆ ಸುಮ್ಮನೆ ಒಂಬತ್ತು ಮನೆಯವರ ತಿಪ್ಪೆ ಎಬ್ಬಿಸಿದೆನೇ ಎಂಬ ಅನುಮಾನ ಉಳಿಯಿತು. ಕಾಕಾನ ನಿವೃತ್ತಿಯಾದದ್ದೂ ಅದೇ ವರ್ಷ. ಮುನಿರಾಬಾದಿನಲ್ಲಿ ಮಗಳ ಮನೆಗೆ ಹೋಗಿ ಉಳಿದರು. ಫೋನಿನಲ್ಲಿ ನಾನು ಗೊಣಗಿದಾಗ ಅವರು ಹೇಳಿದ್ದು ಇಷ್ಟೇ. "ಹಳ್ಳಕ್ಕ ನಮ್ಮಂಗ ಅವಸರ ಇರಂಗಿಲ್ಲವ್ವಾ."

ಅಂದಿನಿಂದ ನನ್ನನ್ನು ಮೇಡಮ್ಮಾರ ಎನ್ನುವುದನ್ನು ಬಿಟ್ಟುಬಿಟ್ಟರು.

ಮರುವರ್ಷ ಸೆಪ್ಟೆಂಬರಿನಲ್ಲಿ ನಾನು ಗಂಗಾವತಿ ಕಡೆಯ ಶ್ರೀರಾಮನಗರದ ಹತ್ತಿರ ಗದ್ದೆಯ ಬದುವಿನ ಮೇಲೆ ಒಂದು ಅಳತೆಯಲ್ಲಿದ್ದೆ. ಸುತ್ತ ಕಾಲುವೆಯ ನೀರು, ಮೇಲೆ ಸುಡುಬಿಸಿಲು, ಮೋಡದ ಸುಳಿವಿಲ್ಲ. ಮಧ್ಯಾಹ್ನ ಟೀಚರಿನ ಫೋನು ಬಂತು. ಹಿಂದಿನಿಂದ ಏನೋ ಮೊರೆಯುತ್ತಿತ್ತು.

"ಮೇಡಮ್ಮಾರ, ಹಳ್ಳ ಬಂದೈತ್ರಿ. ಊರಾಗ ಹನಿ ಮಳಿ ಇಲ್ಲ, ಹಳ್ಳ ಬಂದೈತಿ. ಹುಣಸಿ ಗಿಡ ನಡಮಟ ಮುಳುಗೈತಿ. ನೀವು ನೆಟ್ಟ ಕಲ್ಲು ಕಾಣವಲ್ವು."

ತಡಿ, ಮತ್ತೆ ಮಾಡುತ್ತೇನೆ ಎಂದು ಇಟ್ಟು ಕಾಕಾನಿಗೆ ಫೋನು ಹಚ್ಚಿದೆ.

"ನೀರು ಯಾವ ಬಣ್ಣ ಐತಿ ಕೇಳು," ಎಂದರು ಅವರು, ಏನೂ ಅವಸರವಿಲ್ಲದೆ.

ಕೇಳಿದೆ. ಕೆಂಪು ಎಂದಳು. ಕಾಕಾನಿಗೆ ಹೇಳಿದೆ.

"ಕೆಂಪು ಇದ್ರ ಮ್ಯಾಲಿನ ಗುಡ್ಡದ್ದು. ಇನ್ನೂ ಬರತೈತಿ, ಸಂಜಿಮಟ ಇಳಿಯಂಗಿಲ್ಲ. ಯಾರೂ ದಾಟಬ್ಯಾಡ್ರಿ ಅನ್ನು. ಮಕ್ಕಳನ್ನ ಕರಕೊಂಡು ಹೋಗಾಕ ಬರೋರಿಗೂ ಹೇಳು."

ಮುನಿರಾಬಾದಿನಲ್ಲಿ ಕೂತ ಮುದುಕ, ಗದ್ದೆಯಲ್ಲಿ ನಿಂತ ನಾನು, ಇಬ್ಬರಿಗೂ ಕಾಣದ ಹಳ್ಳ. ಅವರ ಮಾತನ್ನು ಒಂದಕ್ಷರ ಬಿಡದೆ ಟೀಚರಿಗೆ ಒಪ್ಪಿಸಿದೆ. ಈ ಸಲ ಯಾವ ನಕ್ಷೆಯನ್ನೂ ತೆಗೆದು ನೋಡಲಿಲ್ಲ.

"ಯಾರೂ ದಾಟಂಗಿಲ್ರಿ," ಎಂದಳು ಅವಳು. "ಬಾಗಿಲಾ ಹಾಕೀನಿ. ಮಕ್ಕಳೆಲ್ಲಾ ಕಿಟಕಿಗೆ ನಿಂತು ಹಳ್ಳ ನೋಡಾಕ ಹತ್ಯಾವು. ಇಪ್ಪತ್ತೆರಡೂ ಅದಾವ್ರಿ, ಮೇಡಮ್ಮಾರ. ಎರಡು ಸಲ ಎಣಿಸೀನಿ."